ಪಿತಾಮಹಿಯ ನಾಮೋಚ್ಚಾರಣೆ



ಭಾದ್ರಪದ ಬಹುಳ ಪಕ್ಷವು ಸಮೀಪಿಸಿದೊಡನೆ ಪಿತೃಗಳ ಹೆಸರಿನ ಪಟ್ಟಿಯನ್ನು ಹೊರತೆಗೆಯುವುದು ನಮ್ಮ ಮನೆಗಳ ಪದ್ಧತಿ. ವಸು, ರುದ್ರ, ಆದಿತ್ಯರ ಅಂತರ್ಯಾಮಿಯಾದ ಭಗವಂತನನ್ನು ಸ್ಮರಿಸಿ ತಿಲೋದಕವನ್ನು ಬಿಡುವಾಗ ಗೋತ್ರದೊಡನೆ ನಾಮವನ್ನೂ ಉಚ್ಚರಿಸಬೇಕು. ಗಂಡಸರ ಹೆಸರುಗಳು ಹೇಗೋ ಉಳಿದುಬರುತ್ತವೆ. ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿಯೇ ಅದಕ್ಕೆ ಕಾವಲು. ಹೆಂಗಸರ ಹೆಸರುಗಳ ಗತಿಯೇನು? ಮದುವೆಯಲ್ಲಿ ತವರಿನ ಹೆಸರು ಹೋಗಿ ಬೇರೊಂದು ಬರುತ್ತಿತ್ತು; ಸೊಸೆಯಾದವಳು ಅತ್ತೆಯ ಹೆಸರನ್ನು ಎತ್ತುತ್ತಿರಲಿಲ್ಲ.

ನಮ್ಮ ಮನೆತನದ ಸಂಗತಿಯನ್ನೇ ನಿವೇದಿಸುತ್ತೇವೆ. ನಮ್ಮ ಪೂರ್ವಿಕರು ಬಳ್ಳಾರಿ ಸೀಮೆಯಲ್ಲಿ ಪೂಜೆಯ ಇನಾಮು ಭೂಮಿಯುಳ್ಳವರು. 1953ರವರೆಗೆ ಆ ಸೀಮೆಯು ಮದರಾಸಿಗೆ ಸೇರಿತ್ತು. 1858ರಲ್ಲಿ ಅಲ್ಲಿಯ ಸರ್ಕಾರವು ನೇಮಿಸಿದ ಇನಾಮು ಕಮಿಷನ್ನಿನವರು ಸಿದ್ಧಪಡಿಸಿದ ರಿಜಿಸ್ಟರಿನ ನಕಲು ತೆಗೆಸಿ ನೋಡಿದೆವು. ಭೂಮಿಯ ವಿಸ್ತೀರ್ಣ, ದತ್ತಿಯ ಉದ್ದೇಶ, ಅನುಭವದಾರರ ಹೆಸರು, ವಯಸ್ಸು ಎಲ್ಲವೂ ಇದ್ದವು. ಮುತ್ತಾತನ ತಾತನವರೆಗೆ ಗಂಡಸರ ಸಾಲು ದೊರೆಯಿತು. ಹೆಂಗಸಿನ ಹೆಸರು ಒಂದಾದರೂ ಆ ಪುಟದಲ್ಲಿರಲಿಲ್ಲ. ಸರ್ಕಾರವು ಕೇಳಿದ್ದು ಭೂಮಿ ಯಾರದೆಂದು, ಹೆತ್ತವಳು ಯಾರೆಂದಲ್ಲ.

ಅನಂತರ ತೀರ್ಥರೂಪರೊಡನೆ ಗಯೆಗೆ ಹೋದೆವು. ಅಲ್ಲಿಯ ಗಯಾವಾಳ ಪಂಡರು ಮಾಧ್ವ ಸಂಪ್ರದಾಯವನ್ನು ಅನುಸರಿಸತಕ್ಕವರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಯಾತ್ರಿಕರ ಊರು, ಕುಲ, ವಂಶಾವಳಿಗಳನ್ನು ಅವರು ತಲೆಮಾರುಗಳಿಂದ ವಹಿಗಳಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಎರಡು ಗಂಟೆಗಳ ಹುಡುಕಾಟದ ಮೇಲೆ ಕ್ರೋಧನ ಸಂವತ್ಸರದ, ಅಂದರೆ 1925ರ, ಪುಟವೊಂದರಲ್ಲಿ ನಮ್ಮ ಮುತ್ತಾತನವರ ಕನ್ನಡ ಅಕ್ಷರ! ಪಿಂಡಪ್ರದಾನವಾದವರ ಸಾಲಿನಲ್ಲಿ ಪತ್ನಿಯ ಹೆಸರನ್ನು ಬರೆದು, ಪಕ್ಕದಲ್ಲಿ ನಮ್ಮ ತಾತನನ್ನು ಹೆಸರಿಸಿ, ಆ ಚಿರಂಜೀವಿಯ ತಾಯಿಯೆಂದು ಕಾಣಿಸಿದ್ದರು. ತೀರ್ಥರೂಪರು ಪಿತಾಮಹಿಯ ಸ್ಥಾನದಲ್ಲಿ ಹೇಳುತ್ತಿದ್ದುದು ಬೇರೆ ಹೆಸರು.

ಕಾರಣವು ಮೆಲ್ಲನೆ ಹೊಳೆಯಿತು. ತಾತ ತೀರಿಕೊಂಡಾಗ ತೀರ್ಥರೂಪರಿಗೆ ಒಂಬತ್ತು ವರ್ಷ. ಹೆಸರುಗಳನ್ನು ಹೇಳಿಕೊಟ್ಟವರು ಮುತ್ತಾತನವರ ಎರಡನೆಯ ಪತ್ನಿಯನ್ನು ಮಾತ್ರ ಕಂಡವರು. ಆ ತಾಯಿ ಮಗುವನ್ನು ಎಷ್ಟು ಚೆನ್ನಾಗಿ ಸಾಕಿದರೆಂದರೆ, ಮಲತಾಯಿಯೆಂಬ ಮಾತೇ ಊರಿನಲ್ಲಿ ಅಳಿಸಿಹೋಗಿತ್ತು!

“ಐವತ್ತು ವರ್ಷಕ್ಕೂ ಮೇಲೆ ಹೆತ್ತವಳ ಹೆಸರಿನಲ್ಲಿ ಒಂದು ತೊಟ್ಟು ನೀರು ಬಿಡಲಿಲ್ಲವಲ್ಲಪ್ಪ” ಎಂದು ತೀರ್ಥರೂಪರು ಫಲ್ಗುವಿನ ಮರಳಿನಲ್ಲಿ ಕುಳಿತುಬಿಟ್ಟರು. ಅಂತರ್ಯಾಮಿಯು ಸರ್ವಜ್ಞನು, ನೀರು ಸೇರಬೇಕಾದಲ್ಲಿಗೇ ಸೇರಿಸಿರುತ್ತಾನೆಂದು ನಾವು ಸಮಾಧಾನ ಹೇಳಿದೆವು. “ಅವನಿಗೆ ಗೊತ್ತು. ನನಗೆ ಗೊತ್ತಿರಲಿಲ್ಲ” ಎಂದರು. ಪಾಠಶಾಲೆಯಲ್ಲಿ ಕಲಿತ ಯಾವ ವಾಕ್ಯವೂ ಆಗ ನಮ್ಮ ನಾಲಿಗೆಗೆ ಬರಲಿಲ್ಲ.

ಮರುದಿನ ವಿಷ್ಣುಪಾದದಲ್ಲಿ ಆ ಹೆಸರನ್ನು ಮೊದಲ ಬಾರಿಗೆ ಉಚ್ಚರಿಸಿದರು. ಸಾಕಿದವರ ಹೆಸರನ್ನೂ ಬಿಡಲಿಲ್ಲ. ಸಾಪತ್ನ ಪಿತಾಮಹಿಯೆಂದು ಹೇಳಿ ಅವರಿಗೂ ಪಿಂಡವನ್ನಿಟ್ಟರು. ಹೊರಡುವಾಗ ಪಂಡರು ವಹಿಯನ್ನು ನಮ್ಮ ಮುಂದೆ ಸರಿಸಿದರು. ಮುತ್ತಾತನವರ ಬರಹದ ಕೆಳಗೆ ಇಬ್ಬರ ಹೆಸರನ್ನೂ, ಅಜ್ಜಿಯ ಹೆಸರನ್ನೂ, ನಮ್ಮ ತಾಯಿಯ ಹೆಸರನ್ನು ತವರಿನ ಹೆಸರಿನೊಡನೆಯೂ ಕನ್ನಡದಲ್ಲಿಯೇ ಬರೆದು ಬಂದೆವು.

ಶ್ರೀಕೃಷ್ಣಾರ್ಪಣಮಸ್ತು.