ಸ್ತಂಭದ ಮೇಲಿನ ಸಿಮೆಯೋನನೂ ನಮ್ಮ ಸಭೆಯ ಮೌನದ ಮಕ್ಕಳೂ

ಕ್ರೈಸ್ತ ಸಭೆಯ ಪೂರ್ವಚರಿತ್ರೆಯನ್ನು ಓದುವವರಿಗೆ ಐಗುಪ್ತದ ಮರಳುಕಾಡಿನಲ್ಲಿಯೂ ಸಿರಿಯಾ ದೇಶದ ಬೆಟ್ಟಗಳಲ್ಲಿಯೂ ವಾಸಿಸಿದ ತಪಸ್ವಿಗಳ ವೃತ್ತಾಂತಗಳು ಆಶ್ಚರ್ಯವನ್ನು ಹುಟ್ಟಿಸುತ್ತವೆ. ಅವರು ಜನಸಂಗವನ್ನು ಬಿಟ್ಟರು. ಪ್ರತಿದಿನವೂ ಒಂದೇ ವಿಧವಾದ ಆಹಾರವನ್ನು ತಿಂದರು. ಒಂದೇ ಕೆಲಸವನ್ನು ಒಂದೇ ಕ್ರಮದಲ್ಲಿ ವರುಷಗಟ್ಟಲೆ ಮಾಡುತ್ತಾ ಮಾತನ್ನು ಆದಷ್ಟು ಕಡಿಮೆಮಾಡಿಕೊಂಡರು. ಇವರಲ್ಲಿ ಕೆಲವರು, ಈಗ ವೈದ್ಯರು ಆಟಿಸಮ್ ಎಂದೂ ಕನ್ನಡದಲ್ಲಿ ಸ್ವಲೀನತೆ ಎಂದೂ ಕರೆಯುವ ಸ್ವಭಾವದೊಡನೆ ಹುಟ್ಟಿದವರಾಗಿರಬಹುದೋ ಎಂಬ ಪ್ರಶ್ನೆಯನ್ನು ನಮ್ಮ ಕಾಲದ ಕೆಲವು ವಿದ್ವಾಂಸರು ಎತ್ತಿರುತ್ತಾರೆ. ಇಂಥ ಪ್ರಶ್ನೆಯಿಂದ ಹಳ್ಳಿಯ ಸಭೆಗೆ ಏನು ಪ್ರಯೋಜನವೆಂದು ವಾಚಕರು ಕೇಳಬಹುದು. ಪ್ರಯೋಜನವುಂಟು. ಯಾಕಂದರೆ ಅಂಥ ಸ್ವಭಾವದ ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅವರನ್ನು ನಾವು ಯಾವ ಕಣ್ಣಿನಿಂದ ನೋಡುತ್ತೇವೆಂಬದು ದೇವರ ಮುಂದೆ ನಾವು ಉತ್ತರಕೊಡಬೇಕಾದ ವಿಷಯವಾಗಿದೆ.

ಮೊದಲು ಸ್ವಲೀನತೆ ಎಂದರೇನೆಂದು ತಿಳಿಯೋಣ. 1943ರಲ್ಲಿ ಅಮೇರಿಕಾದ ಬಾಲ್ಟಿಮೋರ್ ಪಟ್ಟಣದಲ್ಲಿ ವೈದ್ಯರಾಗಿದ್ದ ಲಿಯೋ ಕ್ಯಾನರ್ ಎಂಬವರು 11 ಮಕ್ಕಳ ವಿಷಯವಾಗಿ ಒಂದು ಲೇಖನವನ್ನು ಪ್ರಕಟಿಸಿದರು. ಆ ಮಕ್ಕಳು ಇತರರ ಸಂಗಕ್ಕಿಂತ ಏಕಾಂತವನ್ನು ಬಯಸುತ್ತಿದ್ದರು. ದಿನಚರಿಯಲ್ಲಿ ಅಲ್ಪ ಬದಲಾವಣೆಯಾದರೂ ತಳಮಳಗೊಳ್ಳುತ್ತಿದ್ದರು. ಅವರಲ್ಲಿ ಕೆಲವರಿಗೆ ಮಾತೇ ಬರಲಿಲ್ಲ. ಮುಂದಿನ ವರುಷ ವಿಯೆನ್ನಾ ಪಟ್ಟಣದ ಹಾನ್ಸ್ ಆಸ್ಪರ್ಗರ್ ಎಂಬ ವೈದ್ಯರು ಇಂಥ ಸ್ವಭಾವವುಳ್ಳ, ಆದರೆ ಚೆನ್ನಾಗಿ ಮಾತನಾಡಬಲ್ಲ ಮಕ್ಕಳ ವಿಷಯವಾಗಿ ಬರೆದರು. ಸದ್ದು, ಬೆಳಕು, ಸ್ಪರ್ಶ, ಆಹಾರದ ರುಚಿ ಇವುಗಳಿಂದ ಇವರಲ್ಲಿ ಅನೇಕರಿಗೆ ನಮಗೆ ಊಹಿಸಲಾಗದಷ್ಟು ಬಾಧೆಯುಂಟಾಗುತ್ತದೆ. ಇದು ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಒಂದು ಭೇದವು. ಇದು ಅಂಟುಜಾಡ್ಯವಲ್ಲ, ಹುಚ್ಚಲ್ಲ, ದೆವ್ವದ ಕಾಟವೂ ಅಲ್ಲ. ಲೋಕದಲ್ಲಿ 127 ಮಂದಿಗೆ ಸುಮಾರು ಒಬ್ಬರು ಇಂಥವರೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ನೇ ವರುಷದ ಲೆಕ್ಕವನ್ನು ಕೊಟ್ಟಿದೆ. ಹಾಗಾದರೆ ಸಾವಿರ ಜನರುಳ್ಳ ಊರಿನಲ್ಲಿ ಏಳೆಂಟು ಮಂದಿಯಾದರೂ ಇರಬಹುದು.

ಇನ್ನು ಹಳೆಯ ತಪಸ್ವಿಗಳ ಕಡೆಗೆ ತಿರುಗೋಣ. ಅವರೊಳಗೆ ಬಹು ಪ್ರಸಿದ್ಧನು ಸಿರಿಯಾ ದೇಶದ ಸಿಮೆಯೋನನು. ಇವನು ಸುಮಾರು ಕ್ರಿ.ಶ. 390ರಲ್ಲಿ ಹುಟ್ಟಿದನು, ಬಾಲ್ಯದಲ್ಲಿ ಕುರಿ ಕಾಯುತ್ತಿದ್ದನು. ಮಠವನ್ನು ಸೇರಿದ ಮೇಲೆ ಇವನ ಕಠಿಣವಾದ ವ್ರತಗಳು ಮಿಕ್ಕವರ ಕ್ರಮಕ್ಕೆ ಹೊಂದದೆ ಹೋದವು. ಬಲಹೀನರು ಇವನನ್ನು ಅನುಸರಿಸಿ ಕೆಟ್ಟಾರೆಂದು ಹೆದರಿದ ಹಿರಿಯರು ಇವನನ್ನು ಹೊರಡಿಸಿದರು. ತರುವಾಯ ಅವನು ಒಂದು ಬೆಟ್ಟದ ಮೇಲೆ ಸ್ತಂಭವನ್ನು ಕಟ್ಟಿಸಿ ಅದರ ತುದಿಯಲ್ಲಿ ನಿಂತನು. ಮೊದಲು 6 ಮೊಳವಿದ್ದ ಸ್ತಂಭವು ಕ್ರಮೇಣ 36 ಮೊಳವಾಯಿತು. 459ರಲ್ಲಿ ತೀರಿಕೊಳ್ಳುವ ತನಕ 30ಕ್ಕೂ ಹೆಚ್ಚು ವರುಷ ಬಿಸಿಲುಮಳೆಗಳನ್ನು ಸಹಿಸಿ ಅವನು ಅಲ್ಲಿಯೇ ಇದ್ದನು. ಅವನ ಸ್ತಂಭದ ಸುತ್ತಲೂ ಕಟ್ಟಿದ ದೊಡ್ಡ ದೇವಾಲಯದ ಅವಶೇಷಗಳು ಅಲೆಪ್ಪೋ ಪಟ್ಟಣದ ಹತ್ತಿರ ಇಂದಿಗೂ ಉಂಟು.

ಸಿಮೆಯೋನನನ್ನು ಕಣ್ಣಾರೆ ಕಂಡ ಸಭಾಧ್ಯಕ್ಷನಾದ ಥಿಯೊಡೊರೆಟನು ಅವನು ಬದುಕಿರುವಾಗಲೇ ಅವನ ವೃತ್ತಾಂತವನ್ನು ಬರೆದನು. ಅದರಲ್ಲಿ ಎರಡು ಸಂಗತಿಗಳು ನಮ್ಮ ವಿಚಾರಕ್ಕೆ ತಕ್ಕವುಗಳು. ಒಂದು, ಅವನು ಸ್ತಂಭವನ್ನೇರಿದ ಕಾರಣ. ಜನರು ಗುಂಪುಗುಂಪಾಗಿ ಬಂದು ಆಶೀರ್ವಾದಕ್ಕಾಗಿ ಅವನ ಮೈಯನ್ನೂ ತೊಗಲಿನ ವಸ್ತ್ರವನ್ನೂ ಮುಟ್ಟುತ್ತಿದ್ದರು. ಆ ಮರ್ಯಾದೆಯು ಅತಿಯಾದದ್ದೆಂದೂ ಅದರ ಉಪದ್ರವವನ್ನು ತಾಳಲಾಗದೆಂದೂ ಎಣಿಸಿ ಅವನು ಮೇಲಕ್ಕೇರಿದನು. ಎರಡನೆಯದು, ಅವನ ಪ್ರಾರ್ಥನೆಯ ರೀತಿ. ಅವನು ಹಣೆಯು ಕಾಲ್ಬೆರಳಿಗೆ ತಾಕುವಷ್ಟು ಬಗ್ಗಿ ಏಳುತ್ತಿದ್ದನು. ಥಿಯೊಡೊರೆಟನ ಸಂಗಡಿಗನೊಬ್ಬನು 1244ರ ವರೆಗೆ ಎಣಿಸಿ, ಮುಂದೆ ಎಣಿಸಲಾರದೆ ಬಿಟ್ಟುಬಿಟ್ಟನಂತೆ. ಸ್ಪರ್ಶವನ್ನು ಸಹಿಸದಿರುವದು, ಎತ್ತರದ ಏಕಾಂತದಲ್ಲಿ ನೆಮ್ಮದಿಯಾಗಿರುವದು, ಒಂದೇ ಚಲನೆಯನ್ನು ಸಾವಿರ ಸಾರಿ ಮಾಡುವದು, ಇವುಗಳನ್ನು ಓದುವಾಗ ಸ್ವಲೀನತೆಯುಳ್ಳ ಮಗುವನ್ನು ಸಾಕಿದ ತಾಯಿಗೆ ತನ್ನ ಮನೆಯ ನೆನಪು ಬಾರದೆ ಇರದು.

ಇದೇ ರೀತಿಯಾಗಿ ಐಗುಪ್ತದ ಯೋಹಾನನೆಂಬ ಕುಳ್ಳ ತಪಸ್ವಿಯ ವಿಷಯದಲ್ಲಿ ಒಂದು ಕಥೆಯುಂಟು. ಅವನು ಹೆಣೆದ ಸಾಮಾನನ್ನು ಒಯ್ಯಲಿಕ್ಕೆ ಒಂಟೆಯವನು ಬಾಗಿಲಿಗೆ ಬಂದನು. ಅದನ್ನು ತರಲು ಒಳಗೆ ಹೋದ ಯೋಹಾನನು ಧ್ಯಾನದಲ್ಲಿ ಮುಳುಗಿ ಬಂದ ಕೆಲಸವನ್ನೇ ಮರೆತನು. ಕಡೆಗೆ ಅವನು ಹೆಣಿಗೆಯ ಹೆಸರನ್ನೂ ಒಂಟೆಯ ಹೆಸರನ್ನೂ ಬಾಯಲ್ಲಿ ಹೇಳಿಕೊಳ್ಳುತ್ತಾ ಹೋಗಬೇಕಾಯಿತು. ಇಟಲಿಯಲ್ಲಿ ಅಸ್ಸೀಸಿಯ ಫ್ರಾನ್ಸಿಸನ ಸಂಗಡಿಗನಾದ ಜುನಿಪರನು ಮತ್ತೂ ವಿಚಿತ್ರನು. ರೋಗಿಯಾದ ಸಹೋದರನೊಬ್ಬನು ಹಂದಿಯ ಕಾಲಿನ ಮಾಂಸ ಬೇಕೆಂದದ್ದೇ ತಡ, ಇವನು ಹೊಲದಲ್ಲಿ ಮೇಯುತ್ತಿದ್ದ ಹಂದಿಯ ಕಾಲನ್ನು ಕಡಿದು ತಂದು ಬೇಯಿಸಿಕೊಟ್ಟನು. ಹಂದಿಯ ಒಡೆಯನಿಗೆ ಕೋಪವೇಕೆ ಬಂತೆಂಬದು ಮಾತ್ರ ಅವನಿಗೆ ತಿಳಿಯಲೇ ಇಲ್ಲ. ಜುನಿಪರ್ ಎಂಬದು ಒಂದು ಮರದ ಹೆಸರು. ಇಂಥ ಜುನಿಪರುಗಳ ಅಡವಿಯೇ ತನಗೆ ಬೇಕೆಂದು ಫ್ರಾನ್ಸಿಸನು ಹೇಳಿದನಂತೆ. ಲಂಡನಿನ ಮನಶ್ಶಾಸ್ತ್ರಜ್ಞೆ ಉಟಾ ಫ್ರಿತ್ ಎಂಬವರು 1989ರ ತಮ್ಮ ಗ್ರಂಥದಲ್ಲಿ ಈ ಜುನಿಪರನನ್ನೂ, ಹಳೆಯ ರಷ್ಯಾ ದೇಶದಲ್ಲಿ ದೇವರ ಹುಚ್ಚರೆಂದು ಜನರು ಗೌರವಿಸುತ್ತಿದ್ದ ಪುರುಷರನ್ನೂ ಉದಾಹರಿಸಿ, ಇವರಲ್ಲಿ ಸ್ವಲೀನತೆಯ ಗುರುತುಗಳು ತೋರುತ್ತವೆಂದು ವಿಚಾರಮಾಡಿದ್ದಾರೆ.

ಆದರೆ ಇಲ್ಲಿ ನಾವು ಎಚ್ಚರಿಕೆಯಿಂದಿರಬೇಕು. ಸತ್ತು ಸಾವಿರದೈನೂರು ವರುಷಗಳಾದವನ ನಾಡಿಯನ್ನು ಯಾವ ವೈದ್ಯನೂ ಹಿಡಿಯಲಾರನು. ಈ ವೃತ್ತಾಂತಗಳು ಸ್ತುತಿಗಾಗಿ ಬರೆದವುಗಳೇ ಹೊರತು ರೋಗಪರೀಕ್ಷೆಗಾಗಿ ಬರೆದವುಗಳಲ್ಲ. ಅದಲ್ಲದೆ ಸಿಮೆಯೋನನು ಮನುಷ್ಯರನ್ನು ಪೂರ್ಣವಾಗಿ ತೊರೆದವನಲ್ಲ. ಸ್ತಂಭದ ಮೇಲಿನಿಂದಲೇ ಬೋಧಿಸುತ್ತಿದ್ದನು, ವ್ಯಾಜ್ಯಗಳನ್ನು ತೀರಿಸುತ್ತಿದ್ದನು. ಇದಕ್ಕಿಂತ ದೊಡ್ಡ ಭೇದವು ಮತ್ತೊಂದುಂಟು. ತಪಸ್ವಿಯು ರೊಟ್ಟಿಯನ್ನೂ ಉಪ್ಪನ್ನೂ ಮಾತ್ರ ತಿನ್ನುವದು ವ್ರತದಿಂದ; ನಮ್ಮ ಮಗುವು ಬಿಳಿಯ ಅನ್ನವನ್ನು ಮಾತ್ರ ತಿನ್ನುವದು ಬೇರೆ ಯಾವದೂ ಗಂಟಲಿಗೆ ಇಳಿಯದ್ದರಿಂದ. ಒಬ್ಬನು ಆರಿಸಿಕೊಂಡನು, ಮತ್ತೊಬ್ಬನಿಗೆ ಆರಿಸಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ. ಆದಕಾರಣ ತಲೆಯನ್ನು ಗೋಡೆಗೆ ಬಡಿದುಕೊಳ್ಳುವ ಮಗುವನ್ನೂ ನಿದ್ರೆಗೆಟ್ಟ ಅದರ ತಾಯಿಯನ್ನೂ ನೋಡಿ, ಇದು ತಪಸ್ಸು, ಇದು ಪುಣ್ಯವೆಂದು ಹೊಗಳಿ ಸುಮ್ಮನಿರುವವನು ಕರುಣೆಯಿಲ್ಲದವನು. ಅವರಿಗೆ ಬೇಕಾದದ್ದು ಸಹಾಯವು.

ಹೀಗಿದ್ದರೂ ಒಂದು ನೀತಿಪ್ರಶ್ನೆಯು ಉಳಿಯುತ್ತದೆ. ಒಬ್ಬನ ಭಕ್ತಿಯು ಅವನ ಹುಟ್ಟುಗುಣಕ್ಕೆ ಅನುಕೂಲವಾಗಿಯೇ ಇದ್ದರೆ ಆ ಭಕ್ತಿಗೆ ಬೆಲೆಯೇನು? ಏಕಾಂತವನ್ನೇ ಬಯಸಿ ಹುಟ್ಟಿದವನು ಏಕಾಂತದಲ್ಲಿ ದೇವರನ್ನು ಹುಡುಕಿದರೆ ಅದರಲ್ಲಿ ಹೆಚ್ಚಳವೇನು? ಕಷ್ಟದ ತೂಕದಂತೆ ಪುಣ್ಯದ ತೂಕವೆಂದು ನಂಬುವವರಿಗೆ ಇದು ಬಿಡಿಸಲಾಗದ ಗಂಟು. ನಮಗೆ ಹಾಗಲ್ಲ. ರಕ್ಷಣೆಯು ಕೃಪೆಯಿಂದಲೇ, ಕ್ರಿಯೆಗಳಿಂದಲ್ಲ ಎಂದು ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯಿಂದ ನಾವು ಕಲಿತಿದ್ದೇವೆ. ನಮ್ಮಲ್ಲಿರುವದೆಲ್ಲವೂ ಹೊಂದಿಕೊಂಡದ್ದೇ ಎಂದು ಅವನು ಕೊರಿಂಥದವರಿಗೂ ತಿಳಿಸಿದನು. ನಿರರ್ಗಳವಾಗಿ ಪ್ರಸಂಗಮಾಡುವವನ ನಾಲಿಗೆಯೂ ಹುಟ್ಟಿನ ವರವೇ ಅಲ್ಲವೋ? ಅವನ ವಾಕ್ಚಾತುರ್ಯವನ್ನು ಯಾರೂ ರೋಗವೆನ್ನುವದಿಲ್ಲ. ಅದು ಹುಟ್ಟುಗುಣವಾದ್ದರಿಂದ ಅವನ ಸೇವೆಯು ವ್ಯರ್ಥವೆಂದೂ ಹೇಳುವದಿಲ್ಲ. ಹಾಗಾದರೆ ಮೌನಿಯ ಮೌನವನ್ನು ಮಾತ್ರ ಬೇರೆ ತಕ್ಕಡಿಯಲ್ಲಿ ತೂಗುವದೇಕೆ?

ಈ ವಿಷಯದಲ್ಲಿ ಐಗುಪ್ತದ ಹಿರಿಯರು ಹೇಳುತ್ತಿದ್ದ ಒಂದು ಕಥೆಯು ಬಹು ಬೆಲೆಯುಳ್ಳದ್ದು. ಒಬ್ಬ ಸಹೋದರನು ಅರ್ಸೇನಿಯನೆಂಬ ತಪಸ್ವಿಯನ್ನು ನೋಡಹೋದನು. ಅರ್ಸೇನಿಯನು ಒಂದು ಮಾತನ್ನೂ ಆಡದೆ ಸುಮ್ಮನೆ ಕೂತುಕೊಂಡನು. ಬಂದವನು ನಾಚಿ ಎದ್ದುಹೋದನು. ಬಳಿಕ ಅವನು ಮೊದಲು ಕಳ್ಳನಾಗಿದ್ದ ಮೋಶೆಯೆಂಬ ಮತ್ತೊಬ್ಬ ತಪಸ್ವಿಯ ಬಳಿಗೆ ಹೋಗಲು, ಅವನು ಸಂತೋಷದಿಂದ ಬರಮಾಡಿಕೊಂಡು ಉಪಚರಿಸಿದನು. ದೇವರ ಹೆಸರಿನಲ್ಲಿ ಒಬ್ಬನು ಜನರನ್ನು ಬಿಟ್ಟೋಡುತ್ತಾನೆ, ಮತ್ತೊಬ್ಬನು ಅದೇ ಹೆಸರಿನಲ್ಲಿ ಜನರನ್ನು ಅಪ್ಪಿಕೊಳ್ಳುತ್ತಾನೆ. ಇವರಲ್ಲಿ ಯಾರದು ಸರಿ ಎಂದು ಒಬ್ಬ ಹಿರಿಯನು ಪ್ರಾರ್ಥಿಸಿದನು. ಆಗ ಅವನಿಗೆ ನದಿಯಲ್ಲಿ ಎರಡು ದೋಣಿಗಳು ಕಾಣಿಸಿದವು. ಒಂದರಲ್ಲಿ ಅರ್ಸೇನಿಯನು ದೇವರ ಆತ್ಮದೊಡನೆ ನಿಶ್ಶಬ್ದವಾಗಿ ಸಾಗುತ್ತಿದ್ದನು. ಇನ್ನೊಂದರಲ್ಲಿ ಮೋಶೆಯು ದೇವದೂತರೊಡನೆ ಜೇನಿನ ಹೋಳಿಗೆಯನ್ನು ತಿನ್ನುತ್ತಾ ಸಾಗುತ್ತಿದ್ದನು. ದೋಣಿಗಳು ಎರಡು, ನದಿ ಒಂದೇ. ನಮ್ಮ ಕರ್ತನೂ ಇದನ್ನೇ ಕಲಿಸಿದನು. ಸ್ನಾನಿಕನಾದ ಯೋಹಾನನು ಉಪವಾಸಿಯಾಗಿ ಅಡವಿಯಲ್ಲಿದ್ದನು, ಅವನಿಗೆ ದೆವ್ವ ಹಿಡಿದಿದೆ ಎಂದರು. ಮನುಷ್ಯಕುಮಾರನು ಜನರೊಡನೆ ಊಟಮಾಡಿದನು, ಆತನನ್ನು ಹೊಟ್ಟೆಬಾಕನೆಂದರು. ಆದರೆ ಇಬ್ಬರನ್ನೂ ಕಳುಹಿಸಿದಾತನು ಒಬ್ಬನೇ (ಮತ್ತಾಯ 11).

ಈಗ ನಮ್ಮ ಸ್ವಂತ ಸಭೆಯ ವಿಷಯದಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಮಾರ್ಟಿನ್ ಲೂಥರನು 1521ರಲ್ಲಿ ಮಠದ ವ್ರತಗಳ ವಿಷಯವಾಗಿ ಬರೆದು, ತಪಸ್ಸಿನಿಂದ ನೀತಿಯು ದೊರೆಯುವದಿಲ್ಲವೆಂದು ಸಾಧಿಸಿದನು. ಆ ಬೋಧನೆಯು ಸತ್ಯವಾದದ್ದು. ಅದನ್ನು ನಾವು ಬಿಡುವದಿಲ್ಲ. ಆದರೆ ಮಠವು ವ್ರತದ ಸ್ಥಳವಷ್ಟೇ ಆಗಿರಲಿಲ್ಲ. ಗಂಟೆಗೊಂದು ಕ್ರಮ, ಕೈಗೊಂದು ಕೆಲಸ, ಮೌನಕ್ಕೊಂದು ಮರ್ಯಾದೆ ಅಲ್ಲಿದ್ದವು; ಮಾತು ಬಾರದವನೂ ಅಲ್ಲಿ ಬುಟ್ಟಿ ಹೆಣೆದು ಬಾಳಬಹುದಾಗಿತ್ತು. ಆ ಬಾಗಿಲನ್ನು ಮುಚ್ಚಿದ ಮೇಲೆ ಅಂಥವನಿಗೆ ನಾವು ಯಾವ ಬಾಗಿಲನ್ನು ತೆರೆದೆವು? ನಮ್ಮ ಆರಾಧನೆಯೆಲ್ಲವೂ ಮಾತು, ಹಾಡು, ಬಾಯಿಪಾಠ, ಕೈಕುಲುಕುವಿಕೆ.

ಲೂಥರನು ಊಟದ ಹೊತ್ತಿನಲ್ಲಿ ಆಡಿದ ಮಾತುಗಳನ್ನು ಸಂಗಡಿಗರು ಬರೆದಿಟ್ಟದ್ದು 1566ರಲ್ಲಿ ಅಚ್ಚಾಯಿತು. ಅದರಲ್ಲಿ ದೆಸ್ಸೌ ಪಟ್ಟಣದ 12 ವರುಷದ ಒಂದು ಮಗುವಿನ ಪ್ರಸ್ತಾಪವುಂಟು. ಅದು ತಿನ್ನುತ್ತಿತ್ತು; ಯಾರಾದರೂ ಮುಟ್ಟಿದರೆ ಕೂಗುತ್ತಿತ್ತು. ಅದು ಆತ್ಮವಿಲ್ಲದ ಮಾಂಸದ ಮುದ್ದೆ, ಅದನ್ನು ನದಿಗೆ ಹಾಕಬೇಕು ಎಂದು ಲೂಥರನು ಹೇಳಿದನಂತೆ; ಅರಸರು ಒಪ್ಪಲಿಲ್ಲ. ಆ ಮಗುವಿಗೆ ಸ್ವಲೀನತೆಯಿತ್ತೆಂದು ಕೆಲವರು ಊಹಿಸಿದ್ದಾರೆ. ಸಿಮೆಯೋನನ ವಿಷಯದಲ್ಲಿ ಹೇಗೋ ಹಾಗೆಯೇ ಇದನ್ನೂ ನಿಶ್ಚಯಿಸಲಾಗದು. ಆದರೆ ಈ ಇಬ್ಬರನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡೋಣ. ಮುಟ್ಟುವದನ್ನು ಸಹಿಸದ ಒಬ್ಬನಿಗೆ ಸ್ತಂಭವೂ ದೇವಾಲಯವೂ ಸಿಕ್ಕಿತು. ಮುಟ್ಟುವದನ್ನು ಸಹಿಸದ ಇನ್ನೊಬ್ಬನಿಗೆ ನದಿಯನ್ನು ತೋರಿಸಿದರು. ಒಬ್ಬನಲ್ಲಿ ಪವಿತ್ರತೆಯನ್ನೇ ಕಂಡ ಜನರು ಇನ್ನೊಬ್ಬನಲ್ಲಿ ಸೈತಾನನನ್ನು ಕಂಡರು. ಅವರಿಬ್ಬರಲ್ಲಿಯೂ ದೇವರ ಸ್ವರೂಪದಲ್ಲಿ ಉಂಟಾದ ಮನುಷ್ಯನನ್ನು ಕಾಣಬೇಕಾಗಿತ್ತು. ಇಷ್ಟು ದೊಡ್ಡ ಬೋಧಕನೂ ಕೃಪೆಯ ಬೋಧನೆಯನ್ನು ಆ ಮಗುವಿನ ತನಕ ಒಯ್ಯದೆ ಹೋದನೆಂಬದು ನಮಗೆ ಭಯಹುಟ್ಟಿಸಬೇಕು.

ತಂದೆತಾಯಿಗಳ ಮೇಲೆ ತಪ್ಪುಹೊರಿಸುವದು ಇದಕ್ಕೆ ಹತ್ತಿರವಾದ ಪಾಪವು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದರು. ಕರ್ತನು ಎರಡನ್ನೂ ನಿರಾಕರಿಸಿದನು (ಯೋಹಾನ 9). ಆದರೂ ಪಶ್ಚಿಮ ದೇಶದ ವೈದ್ಯರು ಸಹ 1950 ಮತ್ತು 1960ರ ದಶಕಗಳಲ್ಲಿ ತಾಯಿಯ ಪ್ರೀತಿ ತಣ್ಣಗಿದ್ದದ್ದರಿಂದ ಮಗುವು ಹೀಗಾಯಿತೆಂದು ಬರೆದರು. 1964ರಲ್ಲಿ ಬರ್ನಾರ್ಡ್ ರಿಮ್ಲಂಡ್ ಎಂಬವರು ಈ ಮತವನ್ನು ಖಂಡಿಸಿದರು. 1977ರಲ್ಲಿ ಅವಳಿಮಕ್ಕಳ ಪರೀಕ್ಷೆಯಿಂದ ಇದರಲ್ಲಿ ವಂಶಗುಣದ ಪಾಲು ಬಹಳವೆಂದು ಕಂಡುಬಂತು. ತಾಯಂದಿರು ನಿರಪರಾಧಿಗಳು. ಹೀಗಿರಲಾಗಿ ಹಳ್ಳಿಯ ಬಾವಿಕಟ್ಟೆಯಲ್ಲಿ ಇನ್ನೂ ಅವರನ್ನು ನಿಂದಿಸುವ ನಾಲಿಗೆಯು ಕ್ರಿಸ್ತನ ಶಿಷ್ಯರದ್ದಾಗಿರಬಾರದು.

ಆದಕಾರಣ ಪ್ರಿಯ ವಾಚಕರೇ, ಸಭೆಯು ಮಾಡತಕ್ಕದ್ದೇನು? ಮಗುವನ್ನು ದೆವ್ವ ಬಿಡಿಸುವವರ ಬಳಿಗಲ್ಲ, ವೈದ್ಯರ ಬಳಿಗೆ ಕರೆದೊಯ್ಯಲು ತಂದೆತಾಯಿಗಳಿಗೆ ಸಭಾಹಿರಿಯರು ಸಹಾಯಮಾಡಲಿ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ ಸ್ವಲೀನತೆಯನ್ನೂ ಸೇರಿಸಿರುವದರಿಂದ ಸರಕಾರದಿಂದ ದೊರೆಯುವ ಅನುಕೂಲಗಳನ್ನು ವಿಚಾರಿಸಿಕೊಡಲಿ. ದೇವಾಲಯದಲ್ಲಿ ಬಾಗಿಲ ಬಳಿಯ ಒಂದೇ ಸ್ಥಳವು ಪ್ರತಿ ಭಾನುವಾರವೂ ಆ ಮಗುವಿಗಾಗಿ ಇರಲಿ; ಅದು ಎದ್ದು ಹೊರಗೆ ಹೋದರೆ ಯಾರೂ ತಿರುಗಿ ನೋಡದಿರಲಿ. ಧ್ವನಿವರ್ಧಕದ ಸದ್ದು ಕಡಿಮೆಯಾಗಲಿ. ಒಲ್ಲದ ಮಗುವನ್ನು ಆಶೀರ್ವಾದಕ್ಕಾಗಿಯಾದರೂ ಹಿಡಿದು ಮುಟ್ಟಬೇಡಿರಿ. ಪ್ರಶ್ನೋತ್ತರವನ್ನು ಬಾಯಿಪಾಠ ಒಪ್ಪಿಸಲಾರನೆಂಬ ಒಂದೇ ಕಾರಣದಿಂದ ಯಾರನ್ನೂ ದೃಢೀಕರಣದಿಂದಲೂ ಕರ್ತನ ಭೋಜನದಿಂದಲೂ ದೂರವಿಡುವದು ನ್ಯಾಯವೋ ಎಂದು ನಮ್ಮ ಅಯ್ಯನವರೂ ಉಪದೇಶಿಗಳೂ ಆಲೋಚಿಸಲಿ. ಕೃಪೆಯು ನಾಲಿಗೆಯುಳ್ಳವರಿಗೆ ಮಾತ್ರವೆಂದರೆ ಅದೂ ಒಂದು ಕ್ರಿಯೆಯ ನೀತಿಯೇ ಆಯಿತು.

ದೆಕಪೊಲಿಯ ಸೀಮೆಯಲ್ಲಿ ಮಾತು ತೊದಲುತ್ತಿದ್ದ ಕಿವುಡನೊಬ್ಬನನ್ನು ಕರ್ತನ ಬಳಿಗೆ ತಂದಾಗ, ಆತನು ಮೊದಲು ಮಾಡಿದ್ದೇನೆಂಬದನ್ನು ಮಾರ್ಕನು ತನ್ನ 7ನೆಯ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಆತನು ಅವನನ್ನು ಗುಂಪಿನಿಂದ ವಿಂಗಡವಾಗಿ ಕರೆದುಕೊಂಡು ಹೋದನು. ಗುಂಪಿನ ನಡುವೆ ನಿಲ್ಲಲಾರದವನ ಬಳಿಗೆ ಆತನೇ ಗುಂಪನ್ನು ಬಿಟ್ಟು ಬರುತ್ತಾನೆ. ಆತನು ಹೋದ ಕಡೆಗೆ ನಾವೂ ಹೋಗುವವರಾಗೋಣ.