ಕೂಡಿದರೂ ಬೆರೆಯದ್ದು

ಪಿಟೀಲು-ಪಿಯಾನೋ ಕಚೇರಿಗೆ ತಡವಾಗಿ ಹೋಗಬಾರದು. ಹೋದರೆ ಶ್ರುತಿ ಮಾಡಿಕೊಳ್ಳುವುದು ತಪ್ಪಿಹೋಗುತ್ತದೆ. ಪಿಯಾನೋ ಮುಂದೆ ಕೂತವರು ‘ಎ’ ಸ್ವರದ ಕೀ ಒತ್ತುತ್ತಾರೆ. ಪಿಟೀಲಿನವರು ಅದಕ್ಕೆ ತಮ್ಮ ಎರಡನೆಯ ತಂತಿಯನ್ನು ಕೂಡಿಸುತ್ತಾರೆ. ಅಲ್ಲಿಗೆ ಪಿಯಾನೋದ ಕೆಲಸ ಮುಗಿಯಿತು. ಉಳಿದ ಮೂರನ್ನು ಅವರು ಸಾಮಾನ್ಯವಾಗಿ ತಮ್ಮ ಕಿವಿಯನ್ನೇ ನಂಬಿ, ಎರಡೆರಡು ತಂತಿಗೆ ಒಟ್ಟಿಗೆ ಕಮಾನು ತಾಗಿಸಿ, ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿ, ಷಡ್ಜ-ಪಂಚಮ ಅಲುಗದೆ ನಿಲ್ಲುವವರೆಗೆ ಹೊಂದಿಸುತ್ತಾರೆ. ಹಾಗೆ ನಿಂತ ಪಂಚಮ ಪಿಯಾನೋದಲ್ಲಿ ಇಲ್ಲ.

ಪಿಯಾನೋದ ಸ್ಥಾಯಿಯನ್ನು 12 ಸಮಪಾಲು ಮಾಡಿದ್ದಾರೆ. ಹಂಚಿಕೆ ಸಮವಾಗಬೇಕೆಂದರೆ ಯಾರಾದರೂ ಕಳೆದುಕೊಳ್ಳಲೇಬೇಕಲ್ಲ. ಪಂಚಮ ಕಳೆದುಕೊಂಡದ್ದು ಕಡಿಮೆ, ಅರ್ಧಸ್ವರದ ಸುಮಾರು ಐವತ್ತನೇ ಒಂದು ಪಾಲು. ಗಾಂಧಾರದ ಗತಿ ಬೇರೆ: ತಂಬೂರಿ ಮೀಟಿದಾಗ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ಪಿಯಾನೋದ್ದು ಅರ್ಧಸ್ವರದ ಏಳನೇ ಒಂದು ಪಾಲಿನಷ್ಟು ಮೇಲಿದೆ. ನುಡಿಸುವಾಗ ಪಿಯಾನೋದವರು ಇದಕ್ಕೇನೂ ಮಾಡಲಾರರು. ಪಿಟೀಲಿಗೆ ಮೆಟ್ಟಿಲುಗಳಿಲ್ಲ, ಬೆರಳು ಎಲ್ಲಿ ಬೇಕಾದರೂ ನಿಲ್ಲಬಹುದು. ಇನ್ನೂ ದೊಡ್ಡ ಅಂತರ ನಾದದ ಆಯುಸ್ಸಿನದು. ಪಿಯಾನೋದ ಸುತ್ತಿಗೆ ತಂತಿಗೆ ಬಡಿದು ಹಿಂದೆ ಬಿತ್ತೆಂದರೆ ಆ ಸ್ವರ ಸಾಯಲು ಶುರುವಾಯಿತು, ಅದನ್ನು ಮತ್ತೆ ಉಬ್ಬಿಸುವ ಉಪಾಯ ಇಲ್ಲ. ಪಿಟೀಲಿನ ಸ್ವರ ಸದ್ದೇ ಇಲ್ಲದ ಕಡೆಯಿಂದ ಹುಟ್ಟಿ, ಬೆಳೆದು, ಕಮಾನು ತಿರುಗಿಸಿದರೆ ಮತ್ತೆ ಬೆಳೆಯುತ್ತದೆ.

ಇಂಥ ಎರಡು ವಾದ್ಯ ಚೆನ್ನಾಗಿ ನುಡಿದ ರಾತ್ರಿ ನಾವು ಹೊರಗೆ ಬಂದು ಹೇಳುವುದೇನು? ‘ಎರಡೂ ಒಂದಾಗಿಬಿಟ್ಟವು’ ಎಂದು. ನನ್ನ ತಕರಾರು ಈ ಮಾತಿನ ಮೇಲೆ. ಒಂದಾಗಿದ್ದರೆ ಕೇಳಲು ಏನೂ ಉಳಿಯುತ್ತಿರಲಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಇವುಗಳ ಸಂಬಂಧ ಸರಳವಾಗಿತ್ತು. ಮೊಜಾರ್ಟನ ಕಾಲದ ಮುಖಪುಟಗಳಲ್ಲಿ ಅದು ಪಿಯಾನೋ ಸೊನಾಟಾ, ಪಿಟೀಲು ಪಕ್ಕವಾದ್ಯ. ಈಗಿನ ಭಿತ್ತಿಪತ್ರಗಳಲ್ಲಿ ಎಷ್ಟೋ ಸಲ ತಿರುಗುಮುರುಗು: ಪಿಟೀಲಿನವರ ದೊಡ್ಡ ಫೋಟೋ, ಪಿಯಾನೋದವರ ಹೆಸರು ಕೆಳಗೆ ಸಣ್ಣಕ್ಷರದಲ್ಲಿ. ಹತ್ತು ಬೆರಳಿಗೂ ಬಿಡುವಿಲ್ಲದೆ ದುಡಿದವರಿಗೆ ಸಣ್ಣಕ್ಷರ! ಬ್ರಾಮ್ಸ್ ಆದರೋ ತನ್ನ ಮೂರು ಪಿಟೀಲು-ಪಿಯಾನೋ ಸೊನಾಟಾಗಳಲ್ಲೂ ಪಿಯಾನೋದ ಹೆಸರನ್ನೇ ಮೊದಲು ಅಚ್ಚು ಹಾಕಿಸಿದ.

ಅವನ ಮೊದಲನೆಯದು, ಜಿ ಮೇಜರ್, 1879ರ ಬೇಸಿಗೆಯಲ್ಲಿ ಆಸ್ಟ್ರಿಯಾದ ಪೋರ್ಟ್‌ಶಾಖ್ ಎಂಬ ಸರೋವರದ ಊರಿನಲ್ಲಿ ಮುಗಿದದ್ದು. ಆ ವರ್ಷದ ಫೆಬ್ರವರಿಯಲ್ಲಿ ಅವನ ಆಪ್ತ ಗೆಳತಿ, ಪಿಯಾನೋವಾದಕಿ ಕ್ಲಾರಾ ಶೂಮನ್‌ಳ ಕಿರಿಯ ಮಗ ಫೆಲಿಕ್ಸ್ ಕ್ಷಯದಿಂದ ತೀರಿಕೊಂಡ. ಇಪ್ಪತ್ನಾಲ್ಕು ವರ್ಷ, ಪಿಟೀಲು ನುಡಿಸುತ್ತಿದ್ದ, ಕವಿತೆ ಬರೆಯುತ್ತಿದ್ದ. ಬ್ರಾಮ್ಸ್ ಅವನಿಗೆ ಧರ್ಮಪಿತ. ಆ ದಿನಗಳಲ್ಲೇ ಬ್ರಾಮ್ಸ್ ಈ ಸೊನಾಟಾದ ನಿಧಾನಗತಿಯ ನಡುಭಾಗದ ಆರಂಭವನ್ನು ಒಂದು ಹಾಳೆಯಲ್ಲಿ ಬರೆದು ಕ್ಲಾರಾಳಿಗೆ ಕಳಿಸಿದ. ಆ ಭಾಗ ಶುರುವಾಗುವುದು ಪಿಯಾನೋದಿಂದ, ಒಂಟಿಯಾಗಿ. ಪಿಟೀಲು ಬರುವುದು ಆಮೇಲೆ. ತಾಯಿಯದು ಪಿಯಾನೋ, ಮಗನದು ಪಿಟೀಲು. ನಾನು ಇದಕ್ಕಿಂತ ಹೆಚ್ಚು ಅರ್ಥ ಹಚ್ಚಲಾರೆ. ಆದರೆ ಎರಡು ದನಿ ಬೇರೆಬೇರೆ ಇಲ್ಲದಿದ್ದರೆ ಆ ಹಾಳೆ ಬರೀ ರಾಗವಾಗುತ್ತಿತ್ತು, ಪತ್ರವಾಗುತ್ತಿರಲಿಲ್ಲ. ಕೊನೆಯ ಭಾಗಕ್ಕೆ ಬ್ರಾಮ್ಸ್ ತನ್ನದೇ ಹಳೆಯ ಮಳೆಹಾಡಿನ ಧಾಟಿ ತಂದಿದ್ದಾನೆ. ಬಿದ್ದಕೂಡಲೇ ಆರಿಹೋಗುವ ಪಿಯಾನೋದ ಸ್ವರ ಹನಿಗೆ ಹೇಳಿ ಮಾಡಿಸಿದ್ದು. ಆ ಹನಿಗಳನ್ನು ನೋಡುತ್ತ ಕಿಟಕಿಯಲ್ಲಿ ನಿಂತವರ ಉದ್ದನೆಯ ಉಸಿರು ಪಿಟೀಲಿನದು.

‘ಒಂದಾಗುವುದು’ ಎಂದು ಕೇಳಿಸಿಕೊಂಡು ಕೆಟ್ಟವನೊಬ್ಬ ಕಥೆಯಲ್ಲಿದ್ದಾನೆ. ಟಾಲ್‌ಸ್ಟಾಯ್‌ನ ‘ಕ್ರಾಯ್ಟ್ಸರ್ ಸೊನಾಟಾ’ದ ಪೋಜ್ಡ್ನಿಶೆವ್. ಹೆಂಡತಿ ಪಿಯಾನೋ, ಪರಪುರುಷ ಪಿಟೀಲು, ನುಡಿಸುವುದು ಬೀತೋವನನ ಕೃತಿ. ಕೊನೆಗೆ ಹೆಂಡತಿಯನ್ನು ಕೊಲ್ಲುತ್ತಾನೆ. ಅವನ ಹುಚ್ಚಿಗೆ ಸಂಗೀತವೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಅವನ ಕಿವಿ ಸರಿಯಿರಲಿಲ್ಲ ಎನ್ನಬಲ್ಲೆ. ಆ ಸೊನಾಟಾ ಶುರುವಾಗುವುದೇ ಪಿಟೀಲು ಒಂದೇ ಮಾತಾಡುವುದರಿಂದ. ಪಿಯಾನೋ ಬಂದು ಅದೇ ಮಾತನ್ನು ಮೈನರ್ ಛಾಯೆಗೆ ತಿರುಗಿಸಿಬಿಡುತ್ತದೆ. ಇದು ಮಿಲನವಲ್ಲ, ವಾದ.

ನಿಜವಾಗಿಯೂ ಮದುವೆಗೆಂದು ಬರೆದ ಸೊನಾಟಾ ಬೇರೆ ಇದೆ. ಸೆಸಾರ್ ಫ್ರಾಂಕ್ 1886ರಲ್ಲಿ ಅದನ್ನು ಪಿಟೀಲುವಾದಕ ಇಜಾಯಿಗೆ ಮದುವೆಯ ಉಡುಗೊರೆಯಾಗಿ ಕೊಟ್ಟ. ಅದರ ಮೊದಲ ಭಾಗದಲ್ಲಿ ಎರಡನೆಯ ರಾಗ ಪೂರ್ತಿ ಪಿಯಾನೋದ್ದು. ಪಿಟೀಲು ಅದನ್ನು ಮುಟ್ಟುವುದೇ ಇಲ್ಲ. ಕೊನೆಯ ಭಾಗದಲ್ಲಿ ಇಬ್ಬರಿಗೂ ಒಂದೇ ರಾಗ ಸಿಗುತ್ತದೆ. ಆದರೆ ಜೊತೆಯಾಗಿ ಹಾಡುವುದಿಲ್ಲ. ಪಿಯಾನೋ ಹೊರಡುತ್ತದೆ, ಒಂದು ಬಾರ್ ಬಿಟ್ಟು, ನಮ್ಮ ಲೆಕ್ಕದಲ್ಲಿ ಒಂದು ಪುಟ್ಟ ಆವರ್ತ ಬಿಟ್ಟು, ಪಿಟೀಲು ಅದೇ ಹಾದಿ ಹಿಡಿಯುತ್ತದೆ.

ಹಿಂಬಾಲಿಸುವುದೆಂದರೆ ಕೀಳಾಗುವುದಲ್ಲ ಎಂದು ನಮಗೆ ಬಿಡಿಸಿ ಹೇಳಬೇಕಿಲ್ಲ. ಗಾಯಕರ ಆಲಾಪನೆಯ ಬಾಲ ಹಿಡಿದು ಹೋಗುವ ಪಿಟೀಲಿಗೆ ಆಮೇಲೆ ತನ್ನದೇ ಸರದಿ ಉಂಟು. ಮೈಸೂರಿನ ಚೌಡಯ್ಯನವರು ಏಳು ತಂತಿ ಕಟ್ಟಿಕೊಂಡದ್ದು ಮೈಕಿಲ್ಲದ ಸಭೆಯ ಹಿಂದಿನ ಸಾಲಿಗೂ ಪಕ್ಕವಾದ್ಯದ ದನಿ ಮುಟ್ಟಲೆಂದು. ‘ಅಲ್ಲಿ ಮನೋಧರ್ಮ, ಇಲ್ಲಿ ಎಲ್ಲವೂ ಮೊದಲೇ ಬರೆದಿಟ್ಟದ್ದು, ಇದೆಂಥ ಸಂವಾದ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬರೆದಿರುವುದು ಸ್ವರಗಳನ್ನು. ಪಿಯಾನೋದ ಸ್ವರ ಆರುವುದನ್ನು ಎಷ್ಟು ಹೊತ್ತು ಕಾಯಬೇಕು, ಗಾಂಧಾರವನ್ನು ಅದರ ಕಡೆಗೆ ಬಾಗಿಸಬೇಕೋ ತನ್ನಲ್ಲೇ ಇಟ್ಟುಕೊಳ್ಳಬೇಕೋ, ಇದನ್ನು ಯಾರೂ ಬರೆದಿಲ್ಲ. ಅದು ಆ ಸಂಜೆ ಆ ಇಬ್ಬರ ನಡುವೆ ತೀರ್ಮಾನವಾಗಬೇಕು.

ಫ್ರಾಂಕ್ ಉಡುಗೊರೆ ಕೊಟ್ಟ ವರ್ಷವೇ, ಡಿಸೆಂಬರ್ 16ರಂದು, ಬ್ರಸೆಲ್ಸ್‌ನ ಚಿತ್ರಶಾಲೆಯೊಂದರಲ್ಲಿ ಇಜಾಯಿ ಆ ಸೊನಾಟಾವನ್ನು ಪಿಯಾನೋವಾದಕಿ ಲಿಯೋಂಟೀನ್ ಬೋರ್ಡ್-ಪೆನ್ ಜೊತೆ ನುಡಿಸಿದ. ಚಳಿಗಾಲದ ಮಧ್ಯಾಹ್ನ. ಗೋಡೆಯ ತುಂಬ ಚಿತ್ರಗಳಿದ್ದುದರಿಂದ ದೀಪ ಹಚ್ಚುವಂತಿರಲಿಲ್ಲ. ಮೊದಲ ಭಾಗ ಮುಗಿಯುವಷ್ಟರಲ್ಲಿ ಸ್ವರಲಿಪಿ ಕಾಣದಾಯಿತು. ನಿಲ್ಲಿಸಲಿಲ್ಲ, ಉಳಿದ ಮೂರನ್ನೂ ಇಬ್ಬರೂ ನೆನಪಿನಿಂದಲೇ ನುಡಿಸಿದರು. ಕೊನೆಯ ಭಾಗ ಬರುವ ಹೊತ್ತಿಗೆ ಕೋಣೆ ಕತ್ತಲು. ಪಿಯಾನೋ ಹೊರಟಿತು, ಒಂದು ಬಾರ್ ಕಳೆದ ಮೇಲೆ ಪಿಟೀಲು.