ಕೊನೆಯವನ ಸರದಿ

ಹಡಗು ಮುಳುಗುವಾಗ ಕಪ್ತಾನನು ಎಲ್ಲರಿಗಿಂತ ಕೊನೆಗೆ ಇಳಿಯಬೇಕೆಂಬುದು ನಾವಿಕರ ಹಳೆಯ ಸಂಪ್ರದಾಯ. ಅವನು ಹಡಗಿನೊಡನೆ ಸಾಯಬೇಕೆಂದು ಇದರ ಅರ್ಥವಲ್ಲ. ಅವನ ಸರದಿ ಉಳಿದವರೆಲ್ಲರ ಅನಂತರ ಬರುತ್ತದೆ, ಅಷ್ಟೆ. ಆದರೆ ಪ್ರಿಯ ಓದುಗರೇ, ಒಳಗಿರುವವರು ಹೊರಬರಲಾರದೆ ಹೋದರೆ ಆ ಸರದಿ ಬರುವುದಾದರೂ ಎಂದು? 1971ರ ಯುದ್ಧದ ಬಗ್ಗೆ ನಮ್ಮ ನಿವೃತ್ತ ನೌಕಾಧಿಕಾರಿಗಳು ಹೇಳಿಕೊಂಡಿರುವ ನೆನಪುಗಳನ್ನು ಓದುವಾಗ ಈ ಪ್ರಶ್ನೆ ಬೆನ್ನು ಬಿಡುವುದಿಲ್ಲ.

ಆ ವರ್ಷದ ಡಿಸೆಂಬರ್ 9ರ ರಾತ್ರಿ ದಿಯು ತೀರದಾಚೆ, ಅರಬ್ಬೀ ಸಮುದ್ರದಲ್ಲಿ, ಶತ್ರುವಿನ ಜಲಾಂತರ್ಗಾಮಿಯನ್ನು ಅರಸುತ್ತ ನಮ್ಮ ಎರಡು ಯುದ್ಧನೌಕೆಗಳು ಸಾಗಿದ್ದವು: ಖುಕ್ರಿ ಮತ್ತು ಕಿರ್ಪಾನ್. (ಎರಡೂ ಆಯುಧಗಳ ಹೆಸರೇ; ಒಂದು ಗೋರ್ಖರದು, ಇನ್ನೊಂದು ಸಿಖ್ಖರದು.) ಅರಸುವವರನ್ನೇ ಪಾಕಿಸ್ತಾನದ 'ಹಂಗೋರ್' ಮೊದಲು ಕಂಡುಕೊಂಡಿತು. ಕಿರ್ಪಾನಿನತ್ತ ಬಿಟ್ಟ ಟಾರ್ಪಿಡೊ ವಿಫಲವಾಯಿತು. ಖುಕ್ರಿಯತ್ತ ಬಿಟ್ಟದ್ದು ಗುರಿ ಮುಟ್ಟಿತು. ಕೆಲವೇ ನಿಮಿಷಗಳಲ್ಲಿ ಹಡಗು ಕಡಲಿಗಿಳಿಯಿತು. 18 ಅಧಿಕಾರಿಗಳೂ 176 ನಾವಿಕರೂ ಅದರೊಡನೆ ಹೋದರು. ಬದುಕಿ ಉಳಿದವರು 67 ಮಂದಿ. ಅವರನ್ನು ನೀರಿನಿಂದ ಎತ್ತಿದ್ದು ಮರುದಿನ.

ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರಿಗೆ ಆಗ 45 ವರ್ಷ. ಅವರು ತಮ್ಮ ಜೀವರಕ್ಷಕ ಕವಚವನ್ನು ಇನ್ನೊಬ್ಬನಿಗೆ ಕೊಟ್ಟರು, ಹಿಂಜರಿದವರನ್ನು ಕಡಲಿಗೆ ತಳ್ಳಿದರು, ತಾವು ಮಾತ್ರ ಹಡಗನ್ನು ಬಿಡಲಿಲ್ಲ ಎಂದು ಬದುಕಿ ಬಂದವರು ನೆನೆಯುತ್ತಾರೆ. ದೇಶ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನಿತ್ತಿತು.

ಇಲ್ಲಿ ಒಂದು ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವುದು ತರವಲ್ಲ. ನುರಿತ ನಾಯಕನ ಜೀವವೂ ನಾಡಿನ ಸೊತ್ತಲ್ಲವೇ? ಕತ್ತಲ ನೀರಿನಲ್ಲಿ ತೇಲುತ್ತಿದ್ದವರಿಗೂ ಒಬ್ಬ ಹಿರಿಯನ ಧ್ವನಿ ಬೇಕಿತ್ತಲ್ಲವೇ? ಮನೆಯಲ್ಲಿ ಕಾದಿದ್ದ ಮಡದಿ ಮಕ್ಕಳ ಹಕ್ಕೇನೂ ಇರಲಿಲ್ಲವೇ? ಲೆಕ್ಕ ಹಾಕಿ ನೋಡಿದರೆ ಆಕ್ಷೇಪದ ತಕ್ಕಡಿಯೇ ತೂಗುತ್ತದೆ. ಆದರೆ ಲೆಕ್ಕ ಹಾಕುವ ನಾವು ದಡದಲ್ಲಿದ್ದೇವೆ. ಕೆಳಗಿನ ಅಂತಸ್ತುಗಳಲ್ಲಿ ಸಿಕ್ಕಿಬಿದ್ದವರು ಆ ಮನುಷ್ಯನ ಆಜ್ಞೆಯಂತೆ ತಮ್ಮ ತಮ್ಮ ಸ್ಥಾನಗಳಲ್ಲಿ ನಿಂತಿದ್ದವರು. ಅವರು ಮೇಲೆ ಬರುವ ತನಕ ಅವರ ಕಪ್ತಾನನ ಸರದಿ ಬರುವಂತಿರಲಿಲ್ಲ; ಅವರು ಮೇಲೆ ಬರಲೇ ಇಲ್ಲ. ನನಗೆ ತೋರುವಂತೆ, ಮುಲ್ಲಾ ಅವರು ಸಾವನ್ನು ಆರಿಸಿಕೊಳ್ಳಲಿಲ್ಲ, ತಮ್ಮ ಸರದಿಯನ್ನು ಕಾದರು. ಆತ್ಮಾಹುತಿ ಎಂಬ ಪದವನ್ನು ಇಲ್ಲಿ ಬಳಸುವಾಗ ನನ್ನ ಲೇಖನಿ ಹಿಂಜರಿಯುತ್ತದೆ.

ಇದಕ್ಕಿಂತ ಕಠಿಣವಾದ ಮಾತೊಂದು ಉಳಿದಿದೆ. ಆ ರಾತ್ರಿ ಖುಕ್ರಿಯ ಸೋನಾರ್ ಯಂತ್ರಕ್ಕೆ, ಅಂದರೆ ನೀರಿನಡಿಯ ಶಬ್ದದಿಂದ ಶತ್ರುವನ್ನು ಪತ್ತೆಹಚ್ಚುವ ಸಾಧನಕ್ಕೆ, ಹೊಸ ಉಪಕರಣವೊಂದನ್ನು ಜೋಡಿಸಿ ಪರೀಕ್ಷಿಸಲಾಗುತ್ತಿತ್ತು. ಅದು ದೂರದ ಸದ್ದನ್ನು ಹಿಡಿಯಬೇಕಾದರೆ ಹಡಗು ನಿಧಾನವಾಗಿ ಚಲಿಸಬೇಕು. ನಿಧಾನವಾಗಿ ಚಲಿಸುವ ಹಡಗು ಟಾರ್ಪಿಡೊಗೆ ಸುಲಭದ ಗುರಿ. ವೈಸ್ ಅಡ್ಮಿರಲ್ ಹೀರಾನಂದಾನಿಯವರು ಬರೆದ ನೌಕಾಪಡೆಯ ಇತಿಹಾಸದಲ್ಲಿಯೂ ಈ ಪ್ರಸ್ತಾಪವಿದೆ. ಆ ಉಪಕರಣಕ್ಕಾಗಿ ದುಡಿದ ಯುವ ಅಧಿಕಾರಿಯೂ ಅಂದೇ ತೀರಿಕೊಂಡರು. ಹಡಗಿನ ವೇಗ ಕಪ್ತಾನನ ನಿರ್ಧಾರ. ಹೀಗಿರುವಾಗ ಅವರ ಸಾವು ಆ ನಿರ್ಧಾರದ ಋಣವನ್ನು ತೀರಿಸಿತೇ?

ತೀರಿಸಿತೆಂದರೆ ವೀರಮರಣವು ಪ್ರಶ್ನೆಗಳ ಬಾಯಿ ಮುಚ್ಚಿಸುವ ಸಾಧನವಾದೀತು. ಇಲ್ಲವೆಂದರೆ ನಮ್ಮ ಗೌರವಕ್ಕೆ ಕುಂದು ಬಂದೀತೆಂದು ಅಂಜಬೇಕಿಲ್ಲ. ಹಿರಿಯ ನಾವಿಕರಲ್ಲಿ ಅನೇಕರು ಆ ಯುದ್ಧತಂತ್ರದ ಬಗ್ಗೆ ನಿಷ್ಠುರವಾಗಿ ವಾದಿಸುತ್ತಾರೆ; ಮುಲ್ಲಾ ಅವರ ಹೆಸರು ಬಂದಾಗ ತಲೆಬಾಗುತ್ತಾರೆ. ಇದನ್ನು ನಾನು ಇಬ್ಬಗೆಯೆಂದು ಕರೆಯಲಾರೆ. ಸತ್ತವರ ಮನೆಯವರಿಗೆ ಸತ್ಯವೂ ಸಲ್ಲಬೇಕು, ಸನ್ಮಾನವೂ ಸಲ್ಲಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳುವುದು ನಮ್ಮ ಸಾರ್ವಜನಿಕ ಜೀವನದಲ್ಲಿ ತೀರ ಸಾಮಾನ್ಯ.

ದಿಯುವಿನ ಗುಡ್ಡದ ಮೇಲೆ, ಕಡಲಿಗೆ ಎದುರಾಗಿ, ಗಾಜಿನ ಮನೆಯೊಳಗೆ ಖುಕ್ರಿಯ ಪ್ರತಿಕೃತಿಯಿದೆ. ಅದೇ ಹೆಸರಿನ ಎರಡನೆಯ ಹಡಗು 1989ರಿಂದ 2021ರವರೆಗೆ ಸೇವೆ ಸಲ್ಲಿಸಿತು. 2022ರ ಜನವರಿಯಲ್ಲಿ ಅದನ್ನೂ ದಿಯುವಿಗೇ ಒಪ್ಪಿಸಲಾಯಿತು. ಮೊದಲನೆಯದು ಅಲ್ಲಿಂದ ಕೆಲವು ಹತ್ತು ಮೈಲಿಗಳಾಚೆ ತನ್ನವರೊಡನೆ ಇನ್ನೂ ತಳದಲ್ಲಿಯೇ ಇದೆ.